ಅಷ್ಟೊಂದು ನಿಲ್ಲಿಸಿ ನಿಲ್ಲಿಸಿ ಯಾಕೆ ಆಡ್ತಾರೆ?

ಅಮೆರಿಕದ ಪಿಟ್ಸ್‌ಬರ್ಗ್‌ಗೆ ಬಂದು ನೆಲೆಸಿದ ಮೇಲೆ ನನಗೆ ಜಾಸ್ತಿ ಸಲ ಎದುರಾದ ಪ್ರಶ್ನೆ ಇದೇ. ಊರಿನಿಂದ ಆರು ತಿಂಗಳಿಗೆ ಬಂದಿದ್ದ ಅಮ್ಮ ಕೇಳಿದರು. ಫೋನಿನಲ್ಲಿ ಭಾವ ಕೇಳಿದರು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು ಭಾನುವಾರ ನಮ್ಮನೆಗೆ ಊಟಕ್ಕೆ ಬರುತ್ತಾರೆ. ಟಿವಿಯಲ್ಲಿ ನಮ್ಮೂರಿನ ಅಮೆರಿಕನ್ ಫುಟ್‌ಬಾಲ್ ತಂಡ ಸ್ಟೀಲರ್ಸ್‌ನ ಪಂದ್ಯ ನಡೆಯುತ್ತಿರುತ್ತದೆ. ಹತ್ತು ನಿಮಿಷ ಸುಮ್ನೆ ನೋಡಿ ಅವರೂ ಕೇಳುತ್ತಾರೆ. "ನಾಲ್ಕು ಸೆಕೆಂಡ್ ಓಡ್ತಾರೆ, ಒಬ್ಬರ ಮೇಲೊಬ್ಬರು ಬೀಳ್ತಾರೆ, ಎದ್ದು ನಿಲ್ತಾರೆ. ಮತ್ತೆ ಅರ್ಧ ನಿಮಿಷ ಏನೂ ಇಲ್ಲ. ಅಷ್ಟೊಂದು ನಿಲ್ಲಿಸಿ ನಿಲ್ಲಿಸಿ ಯಾಕೆ ಆಡ್ತಾರೆ?"

ಅವರು ಹೇಳುವುದರಲ್ಲಿ ತಪ್ಪಿಲ್ಲ. ಅಮೆರಿಕನ್ ಫುಟ್‌ಬಾಲ್ ಪಂದ್ಯದ ಗಡಿಯಾರ 60 ನಿಮಿಷದ್ದು. ಟಿವಿಯಲ್ಲಿ ಮುಗಿಯಲು ಮೂರು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಅಷ್ಟರಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 11 ನಿಮಿಷ ಮಾತ್ರ. ಜಾಹೀರಾತುಗಳ ಕಾಟದ ಬಗ್ಗೆ ಯಾರಾದರೂ ಬೈದರೆ ನಾನು ವಾದಕ್ಕೆ ಹೋಗುವುದಿಲ್ಲ. ಅದು ನನಗೂ ಬೇಸರವೇ. ಆದರೆ ಎರಡು ಓಟಗಳ ನಡುವಿನ ಆ ಅರ್ಧ ನಿಮಿಷ ಇದೆಯಲ್ಲ, ಅದರ ಪರವಾಗಿ ನಾನು ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆ. ಆಟ ನಡೆಯುವುದೇ ಅಲ್ಲಿ.

ನಮಗೆ ಇದು ಹೊಸದೇನಲ್ಲ. ಕುಂಬ್ಳೆ ಬೌಲಿಂಗ್ ಮಾಡುತ್ತಿದ್ದ ಕಾಲ ನೆನಪಿಸಿಕೊಳ್ಳಿ. ಒಂದು ಚೆಂಡು ಹಾಕಿ ವಾಪಸ್ ನಡೆಯುತ್ತಾ ಕೈ ಬೀಸಿ ಒಬ್ಬನನ್ನು ಸಿಲ್ಲಿ ಪಾಯಿಂಟ್‌ಗೆ ಕರೆಯುತ್ತಿದ್ದರು. ಬ್ಯಾಟ್ಸ್‌ಮನ್ ಸುತ್ತ ನೋಡಿ ಮತ್ತೆ ಗಾರ್ಡ್ ತೆಗೆದುಕೊಳ್ಳುತ್ತಿದ್ದ. ಆಗ ಆಟ ನಿಂತಿದೆ ಅಂತ ನಮ್ಮಲ್ಲಿ ಯಾರಾದರೂ ಅನ್ನುತ್ತಿದ್ದೆವಾ? ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಮುಂದಿನ ಚೆಂಡು ಗೂಗ್ಲಿನಾ, ಫ್ಲಿಪ್ಪರಾ ಅಂತ ಲೆಕ್ಕ ಹಾಕುತ್ತಿದ್ದೆವು. ಏನನ್ನು ಹುಡುಕಬೇಕು ಅಂತ ಗೊತ್ತಿದ್ದದ್ದರಿಂದ ಆ ಖಾಲಿ ಹೊತ್ತು ನಮಗೆ ಖಾಲಿ ಅನ್ನಿಸುತ್ತಿರಲಿಲ್ಲ. ಈ ಆಟವೂ ಹಾಗೆಯೇ.

ನಿಯಮದಲ್ಲಿ ಒಂದು ವಿಷಯ ತಿಳಿದರೆ ಉಳಿದದ್ದು ತಾನಾಗಿ ಬರುತ್ತದೆ. ಮೈದಾನ 100 ಗಜ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಒಂದೊಂದಕ್ಕೂ ಡೌನ್ ಅಂತ ಹೆಸರು. ನಾಲ್ಕರೊಳಗೆ 10 ಗಜ ಮುಂದೆ ಹೋದರೆ ಹೊಸದಾಗಿ ಮತ್ತೆ ನಾಲ್ಕು ಸಿಗುತ್ತವೆ. ಆಗದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ, ಅದೂ ಇದ್ದ ಜಾಗದಲ್ಲೇ. ಅದಕ್ಕೇ ಮೂರು ಸಲ ಸೋತವರು ನಾಲ್ಕನೆಯದಕ್ಕೆ ಬಹಳ ಸಲ ಚೆಂಡನ್ನು ದೂರಕ್ಕೆ ಒದ್ದು ಕೊಟ್ಟುಬಿಡುತ್ತಾರೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಅಂಕ. ಕಬಡ್ಡಿ ನೋಡುವವರಿಗೆ ನಾಲ್ಕನೇ ಡೌನ್ ಡು ಆರ್ ಡೈ ರೇಡ್ ಇದ್ದ ಹಾಗೆ ಅಂದರೆ ಥಟ್ಟನೆ ಅರ್ಥವಾಗುತ್ತದೆ.

ಟಿವಿಯಲ್ಲಿ ಹುಲ್ಲಿನ ಮೇಲೆ ಒಂದು ಹಳದಿ ಗೆರೆ ಕಾಣುತ್ತದೆ. ಅದೇ ಆ 10 ಗಜದ ಗುರಿ. ಅಮ್ಮ ಅದನ್ನು ಸುಣ್ಣದ ಹಾಗೆ ಬಳಿದದ್ದು ಅಂದುಕೊಂಡಿದ್ದರು. "ಇಷ್ಟು ಬೇಗ ಅಳಿಸಿ ಇನ್ನೊಂದು ಕಡೆ ಹೇಗೆ ಹಾಕ್ತಾರೆ?" ಅಂತ ಕೇಳಿದರು. ಮೈದಾನದಲ್ಲಿ ಕೂತವರಿಗೆ ಆ ಗೆರೆ ಕಾಣುವುದೇ ಇಲ್ಲ. 1998ರ ಸೆಪ್ಟೆಂಬರ್‌ನಲ್ಲಿ ಅದು ಮೊದಲ ಸಲ ಟಿವಿಗೆ ಬಂತು. ಹುಲ್ಲಿನ ಬಣ್ಣ ಯಾವುದು, ಆಟಗಾರನ ಬಟ್ಟೆಯ ಬಣ್ಣ ಯಾವುದು ಅಂತ ಕಂಪ್ಯೂಟರ್ ಬೇರೆ ಮಾಡಿ, ಗೆರೆಯನ್ನು ಹುಲ್ಲಿನ ಮೇಲೆ ಮಾತ್ರ ಎಳೆಯುತ್ತದೆ. ಅದಕ್ಕೇ ಅದು ಓಡುವವನ ಕಾಲಡಿಯಲ್ಲಿ ಹೋದ ಹಾಗೆ ಕಾಣುವುದು. ಮೈದಾನದ ಅಂಚಿನಲ್ಲಿ ಎರಡು ಕೋಲಿನ ನಡುವೆ 10 ಗಜದ ಸರಪಳಿ ಹಿಡಿದು ನಿಲ್ಲುವವರು ಇವತ್ತಿಗೂ ಇದ್ದಾರೆ. ಅಳತೆಯನ್ನು ಮಾತ್ರ 2025ರಿಂದ ಕ್ಯಾಮೆರಾಗಳೇ ಮಾಡುತ್ತಿವೆ.

ಈಗ ಆ ಅರ್ಧ ನಿಮಿಷದ ಒಳಗೆ ಹೋಗೋಣ.

ಒಂದು ಪ್ಲೇ, ಅಂದರೆ ಒಂದು ಸಲದ ಆಟ, ಮುಗಿದ ಕೂಡಲೇ 40 ಸೆಕೆಂಡಿನ ಗಡಿಯಾರ ಶುರುವಾಗುತ್ತದೆ. ಅದು ಸೊನ್ನೆಗೆ ಬರುವಷ್ಟರಲ್ಲಿ ಚೆಂಡು ಎತ್ತಿ ಮುಂದಿನ ಪ್ಲೇ ಶುರುಮಾಡದಿದ್ದರೆ 5 ಗಜ ದಂಡ. ಮೊದಲ ಕೆಲವು ಸೆಕೆಂಡಿನಲ್ಲಿ ಆಟಗಾರರು ಬದಲಾಗುತ್ತಾರೆ. ಒಂದು ತಂಡ ಮೂವರು ರಿಸೀವರ್‌ಗಳನ್ನು, ಅಂದರೆ ಎಸೆದ ಚೆಂಡು ಹಿಡಿಯುವವರನ್ನು, ಕಳಿಸಿತು ಅನ್ನಿ. ಎದುರಿನ ತಂಡ ಭಾರಿ ಮೈಯ ಒಬ್ಬ ಲೈನ್‌ಬ್ಯಾಕರ್‌ನನ್ನು ಹೊರಗೆ ಕರೆದು, ಓಟದಲ್ಲಿ ಚುರುಕಾದ, ರಿಸೀವರ್‌ಗಳನ್ನು ಕಾಯುವ ಒಬ್ಬ ಕಾರ್ನರ್‌ಬ್ಯಾಕ್‌ನನ್ನು ಒಳಗೆ ತಳ್ಳುತ್ತದೆ. ಹೊತ್ತಿಗೆ ಸರಿಯಾಗಿ ಓಡಿ ಬರದಿದ್ದರೆ ಮೈದಾನದಲ್ಲಿ 11ರ ಬದಲು 10 ಮಂದಿ, ಇಲ್ಲವೇ 12 ಮಂದಿ. ಎರಡೂ ಆಪತ್ತು.

ಅದೇ ಹೊತ್ತಿಗೆ ಆಟ ನಡೆಸುವ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕಿವಿಯಲ್ಲಿ ಕೋಚ್ ಮಾತಾಡುತ್ತಿರುತ್ತಾರೆ. ಅವನ ಹೆಲ್ಮೆಟ್‌ನ ಹಿಂದೆ ಒಂದು ಹಸಿರು ಚುಕ್ಕೆ ಇರುತ್ತದೆ. ಒಳಗೆ ಸ್ಪೀಕರ್ ಇದೆ ಅನ್ನುವುದಕ್ಕೆ ಅದು ಗುರುತು. ಇಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಇದನ್ನು ತಂದದ್ದು 1994ರಲ್ಲಿ. ರಕ್ಷಣೆಯ ಕಡೆಯ ಒಬ್ಬನಿಗೆ 2008ರಲ್ಲಿ ಸಿಕ್ಕಿತು. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ರೇಡಿಯೊ ಬಂದ್ ಆಗುತ್ತದೆ. ನನಗೆ ಇಡೀ ನಿಯಮ ಪುಸ್ತಕದಲ್ಲಿ ತುಂಬ ಇಷ್ಟವಾದ ನಿಯಮ ಇದು. ಅಲ್ಲಿಯವರೆಗೆ ಹೇಳಿಕೊಡಬಹುದು. ಅಲ್ಲಿಂದ ಮುಂದೆ ಅವನೇ ನೋಡಿಕೊಳ್ಳಬೇಕು.

ಆ 15 ಸೆಕೆಂಡಿನಲ್ಲಿ ಅವನು ಎದುರಿನ 11 ಮಂದಿಯನ್ನು ಓದುತ್ತಾನೆ. ದೂರದಲ್ಲಿ ಹಿಂದೆ ನಿಂತ ಸೇಫ್ಟಿ ಒಬ್ಬನಾ, ಇಬ್ಬರಾ? ಒಬ್ಬನೇ ಆದರೆ ಇನ್ನೊಬ್ಬ ಮುಂದೆ ಬಂದಿದ್ದಾನೆ, ಚೆಂಡು ಕೊಟ್ಟು ಓಡಿಸುವುದು ಕಷ್ಟ. ಇಬ್ಬರೂ ಹಿಂದಿದ್ದರೆ ಮುಂದೆ ಜಾಗ ಇದೆ. ಅನುಮಾನ ಇದ್ದರೆ ತನ್ನ ಒಬ್ಬ ಆಟಗಾರನನ್ನು ಅಡ್ಡಡ್ಡ ಓಡಿಸಿ ನೋಡುತ್ತಾನೆ. ಎದುರಾಳಿಗಳಲ್ಲಿ ಒಬ್ಬ ಅವನ ಹಿಂದೆಯೇ ಓಡಿದರೆ ಸಾಮಾನ್ಯವಾಗಿ ಆಳಿಗೆ ಆಳು ಕಾವಲು. ಯಾರೂ ಕದಲದಿದ್ದರೆ ಜಾಗ ಕಾಯುತ್ತಿದ್ದಾರೆ. ರಕ್ಷಣೆಯವರಿಗೂ ಇದು ಗೊತ್ತು. ಅವರು ಬೇಕಂತಲೇ ಸುಳ್ಳು ತೋರಿಸುತ್ತಾರೆ. ಆಗ ಕ್ವಾರ್ಟರ್‌ಬ್ಯಾಕ್ ಏನೋ ಕೂಗುತ್ತಾನೆ, ಕೈ ಮಾಡುತ್ತಾನೆ, ಇಡೀ ಯೋಜನೆ ಬದಲಾಗುತ್ತದೆ. ಡೆನ್ವರ್‌ನ ಪೇಟನ್ ಮ್ಯಾನಿಂಗ್ 2014ರ ಜನವರಿಯಲ್ಲಿ ಸ್ಯಾನ್ ಡಿಯೆಗೊ ಎದುರಿನ ಒಂದೇ ಪಂದ್ಯದಲ್ಲಿ 44 ಸಲ "ಓಮಾಹಾ" ಅಂತ ಕೂಗಿದ. ಓಮಾಹಾ ನೆಬ್ರಾಸ್ಕ ರಾಜ್ಯದ ಒಂದು ಊರು. ಊರಿಗೂ ಆ ಕೂಗಿಗೂ ಸಂಬಂಧ ಇಲ್ಲ. ಆ ದಿನ ಎದುರಾಳಿಗಳು ಅವನ ಕೂಗಿಗೆ ಮೋಸಹೋಗಿ, ಚೆಂಡು ಕದಲುವ ಮುಂಚೆಯೇ ನುಗ್ಗಿ ಮತ್ತೆ ಮತ್ತೆ ದಂಡ ತೆತ್ತರು.

ಇನ್ನು ಎಲ್ಲರೂ ವೃತ್ತಾಕಾರವಾಗಿ ತಲೆ ಬಗ್ಗಿಸಿ ಗುಸುಗುಸು ಮಾತಾಡುತ್ತಾರಲ್ಲ, ಅದು ಹಡಲ್. ಅದರ ಹುಟ್ಟಿನ ಕಥೆ ಕೇಳಿದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ವಾಷಿಂಗ್ಟನ್‌ನಲ್ಲಿ ಗ್ಯಾಲೊಡೆಟ್ ಅನ್ನುವ ಕಿವುಡರ ಕಾಲೇಜು ಇದೆ. 1890ರ ದಶಕದಲ್ಲಿ ಪಾಲ್ ಹಬರ್ಡ್ ಅಲ್ಲಿನ ಕ್ವಾರ್ಟರ್‌ಬ್ಯಾಕ್. ಅವರ ತಂಡ ಸನ್ನೆ ಭಾಷೆಯಲ್ಲಿ ಯೋಜನೆ ಹೇಳಿಕೊಳ್ಳುತ್ತಿತ್ತು. ಬೇರೆ ಕಿವುಡರ ತಂಡ ಎದುರಿಗೆ ಬಂದಾಗ ಆ ಸನ್ನೆಗಳನ್ನು ಅವರೂ ಓದಿಬಿಡುತ್ತಿದ್ದರು. ಅದಕ್ಕೆ ಹಬರ್ಡ್ ತನ್ನವರನ್ನೆಲ್ಲ ಸುತ್ತ ನಿಲ್ಲಿಸಿ, ಮೈಗಳ ಗೋಡೆ ಕಟ್ಟಿ, ಒಳಗೆ ಕೈ ಆಡಿಸಿದ. ಇವತ್ತು ಎಂಬತ್ತು ಸಾವಿರ ಜನರ ಗದ್ದಲದ ನಡುವೆ ನಡೆಯುವ ಆ ಗುಸುಗುಸು ಶುರುವಾದದ್ದು ಶಬ್ದವೇ ಇಲ್ಲದ ಮಾತಿನಿಂದ.

ಹಾಗಾದರೆ ನಿಲ್ಲಿಸುವ ಪದ್ಧತಿ ಎಲ್ಲಿಂದ ಬಂತು? ಮೊದಲು ಈ ಆಟ ಹೆಚ್ಚು ಕಡಿಮೆ ರಗ್ಬಿಯೇ ಆಗಿತ್ತು. 1880ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್ ಮಾತಿನ ಮೇಲೆ ಹೊಸ ನಿಯಮ ಬಂತು. ಚೆಂಡಿಗೆ ಎಲ್ಲರೂ ಮುಗಿಬೀಳುವ ಬದಲು ಒಂದು ತಂಡದ ಕೈಯಲ್ಲಿ ಚೆಂಡು, ನಡುವೆ ಒಂದು ಗೆರೆ, ಒಂದೊಂದು ಕಡೆಗೆ 11 ಮಂದಿ. ಆದರೆ ಚೆಂಡನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಅಂತ ಯಾರೂ ಬರೆದಿರಲಿಲ್ಲ. 1881ರಲ್ಲಿ ಯೇಲ್ ಮತ್ತು ಪ್ರಿನ್ಸ್‌ಟನ್ ಆಡಿದಾಗ ಒಂದರ್ಧ ಪೂರ್ತಿ ಒಬ್ಬರು ಚೆಂಡು ಹಿಡಿದು ಕೂತರು, ಇನ್ನರ್ಧ ಇನ್ನೊಬ್ಬರು. 0-0. ನೋಡುವವರು ರೇಗಿಹೋದರು. ಮರುವರ್ಷ ಮೂರು ಡೌನ್‌ನಲ್ಲಿ 5 ಗಜ ಅನ್ನುವ ನಿಯಮ ಬಂತು. ಅಂದರೆ ಇವತ್ತು ಅಮ್ಮನಿಗೆ ಬೇಸರ ತರಿಸುವ ಡೌನ್ ಪದ್ಧತಿ ಹುಟ್ಟಿದ್ದೇ ಜನರ ಬೇಸರ ಕಳೆಯೋಕೆ.

ಅಲ್ಲಿಗೂ ಸರಿಹೋಗಲಿಲ್ಲ. 5 ಗಜಕ್ಕಾಗಿ ಎಲ್ಲರೂ ಕೈ ಕೈ ಹಿಡಿದು ಗುಂಪಾಗಿ ನುಗ್ಗುತ್ತಿದ್ದರು. ಹುಡುಗರು ಸಾಯುತ್ತಿದ್ದರು. 1905ರಲ್ಲಿ ಸಾವಿನ ಸುದ್ದಿ ಎಷ್ಟು ಜೋರಾಯಿತೆಂದರೆ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಒಪ್ಪಿಗೆ ಸಿಕ್ಕಿತು, 5 ಗಜ 10 ಗಜವಾಯಿತು. ನಾಲ್ಕನೇ ಡೌನ್ ಬಂದದ್ದು 1912ರಲ್ಲಿ. ಇವತ್ತು ನಾವು ಬಾಯಿಬಿಟ್ಟು ನೋಡುವ 50 ಗಜದ ಎಸೆತದ ಹಿಂದೆ ಆ ಹುಡುಗರ ಸಾವಿದೆ.

ಆ 40 ಸೆಕೆಂಡು ಒಂದು ಇಡೀ ವರ್ಷವನ್ನು ತೀರ್ಮಾನಿಸಿದ್ದನ್ನು ನಾನು ನೋಡಿದ್ದೇನೆ. 2015ರ ಫೆಬ್ರವರಿ 1, ಅರಿಜೋನಾದ ಗ್ಲೆಂಡೇಲ್, ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 28, ಸಿಯಾಟಲ್ ಸೀಹಾಕ್ಸ್ 24. ಸಿಯಾಟಲ್‌ನ ಮಾರ್ಶಾನ್ ಲಿಂಚ್ ನುಗ್ಗಿ ಒಂದು ಗಜದ ಗೆರೆಯಲ್ಲಿ ಬಿದ್ದ. ಗೆಲುವಿಗೆ ಒಂದೇ ಗಜ. ಸುಮಾರು ಒಂದು ನಿಮಿಷ ಉಳಿದಿದೆ. ಪೇಟ್ರಿಯಟ್ಸ್ ಕೋಚ್ ಬಿಲ್ ಬೆಲಿಚಿಕ್ ಕೈಯಲ್ಲಿ ಟೈಮ್ ಔಟ್ ಇದೆ. ಇಡೀ ದೇಶ ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ ಅಂತ ಕಾಯುತ್ತಿದೆ. ಅವರು ಕರೆಯಲಿಲ್ಲ. ಸುಮ್ಮನೆ ನಿಂತು ಎದುರಿನ ಬೆಂಚಿನ ಕಡೆ ನೋಡುತ್ತಿದ್ದರು. ಗಡಿಯಾರ ಓಡುತ್ತಿತ್ತು.

ಸಿಯಾಟಲ್ ಮೂವರು ರಿಸೀವರ್‌ಗಳನ್ನು ಕಳಿಸಿತು. ಅದನ್ನು ನೋಡಿದ ಪೇಟ್ರಿಯಟ್ಸ್ ಮೂರನೇ ಕಾರ್ನರ್‌ಬ್ಯಾಕ್‌ನನ್ನು ಒಳಗೆ ಓಡಿಸಿತು. ಅವನ ಹೆಸರು ಮ್ಯಾಲ್ಕಮ್ ಬಟ್ಲರ್. ಮೊದಲ ವರ್ಷದ ಆಟಗಾರ. ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಒಂದು ತಂಡವೂ ಅವನನ್ನು ಆರಿಸಿರಲಿಲ್ಲ. ಒಂದು ಕಾಲಕ್ಕೆ ಕೋಳಿ ಕರಿಯುವ ಹೋಟೆಲಿನಲ್ಲಿ ಕೆಲಸ ಮಾಡಿದ್ದವನು. ಒಬ್ಬರ ಹಿಂದೆ ಒಬ್ಬರು ನಿಂತ ಇಬ್ಬರು ರಿಸೀವರ್‌ಗಳನ್ನು ಅವನು ನೋಡಿದ. ಇದೇ ಜೋಡಣೆಯನ್ನು ಅಭ್ಯಾಸದಲ್ಲಿ ನೋಡಿದ್ದ. ಆಗ ಒಂದು ಹೆಜ್ಜೆ ತಡಮಾಡಿ ಟಚ್‌ಡೌನ್ ಬಿಟ್ಟುಕೊಟ್ಟು ಬೈಸಿಕೊಂಡಿದ್ದ. ಪಕ್ಕದಲ್ಲಿದ್ದ ಬ್ರ್ಯಾಂಡನ್ ಬ್ರೌನರ್ ಮುಂದಿನವನನ್ನು ನಾನು ತಡೆಯುತ್ತೇನೆ ಅಂತ ನಿಂತ. 26 ಸೆಕೆಂಡ್ ಉಳಿದಾಗ ಚೆಂಡು ಎದ್ದಿತು. ಸಿಯಾಟಲ್‌ನ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಎಸೆದ. ಬಟ್ಲರ್ ಈ ಸಲ ಕಾಯಲಿಲ್ಲ. ರಿಸೀವರ್‌ಗಿಂತ ಮುಂಚೆ ಅವನ ಮೈ ಅಲ್ಲಿತ್ತು. ಚೆಂಡು ಅವನ ಕೈಯಲ್ಲಿತ್ತು. ಎದುರಾಳಿ ಎಸೆದ ಚೆಂಡನ್ನು ಹೀಗೆ ಕಸಿದರೆ ಇಂಟರ್‌ಸೆಪ್ಷನ್. ಎನ್‌ಎಫ್‌ಎಲ್‌ನಲ್ಲಿ ಅವನು ಹಿಡಿದ ಮೊದಲ ಇಂಟರ್‌ಸೆಪ್ಷನ್ ಅದು.

ಆ ಪ್ಲೇ ನಡೆದದ್ದು ಎರಡು ಮೂರು ಸೆಕೆಂಡ್. ಲಿಂಚ್ ಕೈಗೆ ಯಾಕೆ ಚೆಂಡು ಕೊಡಲಿಲ್ಲ ಅಂತ ಜನ ಇವತ್ತಿಗೂ ಜಗಳ ಆಡುತ್ತಾರೆ. ನನ್ನ ಕಣ್ಣಿಗೆ ಬೀಳುವುದು ಅದರ ಹಿಂದಿನ ಮೌನ. ಟೈಮ್ ಔಟ್ ಕರೆಯದ ಕೋಚ್, ಬೆಂಚಿನಿಂದ ಓಡಿದ ಹುಡುಗ, ಅವನಿಗೆ ನೆನಪಾದ ಒಂದು ತಪ್ಪು. ಆ ಹೊತ್ತಿನಲ್ಲಿ ಫ್ರಿಜ್ ಹತ್ತಿರ ಹೋದವರಿಗೆ ಕಂಡದ್ದು ಬರೀ ಒಂದು ಕ್ಯಾಚ್.

ನಮ್ಮ ಪಿಟ್ಸ್‌ಬರ್ಗ್‌ನದೂ ಒಂದು ಹೇಳದಿದ್ದರೆ ಊರಿಗೆ ದ್ರೋಹ ಮಾಡಿದ ಹಾಗೆ. ದುಡ್ಡು ತಗೊಂಡು ಆಡಿದ ಮೊದಲ ಆಟಗಾರ ಅಂತ ದಾಖಲೆಯಲ್ಲಿರುವ ಪಜ್ ಹೆಫೆಲ್‌ಫಿಂಗರ್ 1892ರ ನವೆಂಬರ್ 12ರಂದು 500 ಡಾಲರ್‌ಗೆ ಆಡಿದ್ದು ಇಲ್ಲೇ. ಆದರೆ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಇಳಿದವರು ಮೊದಲು ಕೇಳುವುದು ಜಾರ್ಜ್ ವಾಷಿಂಗ್ಟನ್ ಪ್ರತಿಮೆಯ ಪಕ್ಕದಲ್ಲಿ ಬಗ್ಗಿ ಚೆಂಡು ಹಿಡಿಯುತ್ತಿರುವ ಆಟಗಾರ ಯಾರು ಅಂತ. ಫ್ರಾಂಕೊ ಹ್ಯಾರಿಸ್.

1972ರ ಡಿಸೆಂಬರ್ 23. ಓಕ್ಲೆಂಡ್ ರೇಡರ್ಸ್ 7, ಸ್ಟೀಲರ್ಸ್ 6. ನಾಲ್ಕನೇ ಡೌನ್, 10 ಗಜ ಬೇಕು, 22 ಸೆಕೆಂಡ್ ಉಳಿದಿದೆ. ಸ್ಟೀಲರ್ಸ್ ಕ್ವಾರ್ಟರ್‌ಬ್ಯಾಕ್ ಟೆರಿ ಬ್ರ್ಯಾಡ್‌ಶಾ ಎಸೆದ ಚೆಂಡು ಬರುವ ಹೊತ್ತಿಗೆ ಸರಿಯಾಗಿ ಸ್ಟೀಲರ್ಸ್‌ನ ಫ್ರೆಂಚಿ ಫುಕ್ವಾ ಮತ್ತು ರೇಡರ್ಸ್‌ನ ಜ್ಯಾಕ್ ಟೇಟಮ್ ಡಿಕ್ಕಿ ಹೊಡೆದರು. ಚೆಂಡು ಹಿಂದಕ್ಕೆ ಚಿಮ್ಮಿತು. ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ಫ್ರಾಂಕೊ ಬಗ್ಗಿ ಪಾದದ ಹತ್ತಿರ ಹಿಡಿದು ಓಡಿದ, ಕೊನೆಯ ಗೆರೆಯವರೆಗೂ. ಆಗ ಒಂದು ನಿಯಮ ಇತ್ತು. ಎಸೆದ ತಂಡದ ಒಬ್ಬನಿಗೆ ತಾಗಿದ ಚೆಂಡನ್ನು ನಡುವೆ ಎದುರಾಳಿ ಮುಟ್ಟದೆ ಅದೇ ತಂಡದ ಇನ್ನೊಬ್ಬ ಹಿಡಿಯುವ ಹಾಗಿರಲಿಲ್ಲ. ಚೆಂಡು ತಾಗಿದ್ದು ಟೇಟಮ್‌ಗಾ, ಫುಕ್ವಾಗಾ? ಅಂಪೈರ್‌ಗಳು ಗುಂಪು ಸೇರಿದರು. ಮುಖ್ಯ ರೆಫರಿ ಮೈದಾನದ ಅಂಚಿಗೆ ಹೋಗಿ ಫೋನಿನಲ್ಲಿ ಮಾತಾಡಿದರು. ಇಡೀ ಕ್ರೀಡಾಂಗಣ ಕಾದು ನಿಂತಿತ್ತು. ಕೊನೆಗೆ ಎರಡೂ ಕೈ ಮೇಲೆತ್ತಿದರು. ಟಚ್‌ಡೌನ್. ಆಮೇಲೆ ಒದ್ದು ಗಳಿಸಿದ ಒಂದು ಅಂಕವೂ ಸೇರಿ 13-7. ಚೆಂಡು ಯಾರಿಗೆ ತಾಗಿತು ಅನ್ನುವ ವಾದ ಇನ್ನೂ ಮುಗಿದಿಲ್ಲ. ನಿಯಮವನ್ನೇ 1978ರಲ್ಲಿ ತೆಗೆದುಹಾಕಿದರು. ತವರಿನ ಪಂದ್ಯವನ್ನು ಆ ಊರಿನ ಟಿವಿಯಲ್ಲಿ ತೋರಿಸದ ಕಾಲ ಅದು. ಹಾಗಾಗಿ ಮೈದಾನಕ್ಕೆ ಹೋಗದ ಪಿಟ್ಸ್‌ಬರ್ಗ್‌ನವರು ಅದನ್ನು ಆಗ ನೋಡಲೇ ಇಲ್ಲ. ಆ ದಿನದ 50ನೇ ವರ್ಷಕ್ಕೆ ಕೆಲವೇ ದಿನ ಬಾಕಿ ಇದ್ದಾಗ, 2022ರ ಡಿಸೆಂಬರ್‌ನಲ್ಲಿ, ಫ್ರಾಂಕೊ ತೀರಿಕೊಂಡರು.

ಅದೇ ಸ್ಟೀಲರ್ಸ್‌ನ ಇನ್ನೊಬ್ಬರ ಬಗ್ಗೆಯೂ ಹೇಳಲೇಬೇಕು. ಮೈಕ್ ವೆಬ್‌ಸ್ಟರ್. 1974ರಿಂದ 1990ರವರೆಗೆ ಆಡಿದ ಸೆಂಟರ್, ಕೊನೆಯ ಎರಡು ವರ್ಷ ಕ್ಯಾನ್ಸಸ್ ಸಿಟಿಯಲ್ಲಿ. ಸೆಂಟರ್ ಅಂದರೆ ಚೆಂಡನ್ನು ಹಿಂದಕ್ಕೆ ಕೊಟ್ಟು ಅದೇ ಕ್ಷಣ ಎದುರಿನವನಿಗೆ ತಲೆ ಕೊಡುವವನು. ಒಂದು ಪಂದ್ಯದಲ್ಲಿ ಒಂದು ತಂಡಕ್ಕೆ ಅರವತ್ತಕ್ಕೂ ಹೆಚ್ಚು ಪ್ಲೇ. ನಿಂತು ನಿಂತು ಆಡುತ್ತಾರೆ ಅಂದರೆ ಅಷ್ಟು ಸಲ ಹೊಸದಾಗಿ ಡಿಕ್ಕಿ ಹೊಡೆಯುತ್ತಾರೆ ಅಂತಲೂ ಅರ್ಥ. ವೆಬ್‌ಸ್ಟರ್ 2002ರಲ್ಲಿ, 50ನೇ ವಯಸ್ಸಿಗೆ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಮನಸ್ಸು ಕೈಕೊಟ್ಟಿತ್ತು. ಪಿಟ್ಸ್‌ಬರ್ಗ್‌ನಲ್ಲೇ ಬೆನೆಟ್ ಒಮಾಲು ಅನ್ನುವ ವೈದ್ಯರು ಅವರ ಮಿದುಳನ್ನು ಪರೀಕ್ಷಿಸಿ, ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟಿನಿಂದ ಬರುವ ಸಿಟಿಇ ಕಾಯಿಲೆಯನ್ನು ಗುರುತಿಸಿದರು. 2005ರಲ್ಲಿ ಅದನ್ನು ಪ್ರಕಟಿಸಿದರು. ನನ್ನ ಮಗ ಶಾಲೆಯಲ್ಲಿ ಫುಟ್‌ಬಾಲ್ ಸೇರುತ್ತೇನೆ ಅಂದಾಗ ನಾನು ಬೇಡ ಅಂದೆ. ಡಿಕ್ಕಿ ಇಲ್ಲದ ಫ್ಲ್ಯಾಗ್ ಫುಟ್‌ಬಾಲ್‌ಗೆ ಸೇರಿಸಿದೆ. ಸೊಂಟಕ್ಕೆ ಕಟ್ಟಿದ ಪಟ್ಟಿ ಕಿತ್ತರೆ ಅಲ್ಲಿಗೆ ಪ್ಲೇ ಮುಗಿಯಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಅದೇ ಬರುತ್ತಿದೆ. ಭಾನುವಾರ ಟಿವಿ ಮುಂದೆ ಕೂತಾಗ ವೆಬ್‌ಸ್ಟರ್ ನೆನಪಾಗದ ದಿನ ಕಡಿಮೆ.

ಅಮ್ಮನಿಗೆ ನಾನು ಹೇಳಿಕೊಟ್ಟದ್ದು ಒಂದೇ. ಚೆಂಡನ್ನು ನೋಡಬೇಡಿ. ಮೂರನೇ ಡೌನ್ ಬಂದಾಗ ಕೆಳಗೆ ಎಷ್ಟು ಗಜ ಬೇಕು ಅಂತ ಬರೆದಿರುತ್ತದೆ, ಅದನ್ನು ನೋಡಿ. ಆಮೇಲೆ ದೂರದಲ್ಲಿ ಹಿಂದೆ ನಿಂತವರು ಎಷ್ಟು ಜನ ಅಂತ ಎಣಿಸಿ. ಓಡಿಸುತ್ತಾರಾ, ಎಸೆಯುತ್ತಾರಾ ಅಂತ ಚೆಂಡು ಏಳುವ ಮುಂಚೆ ಬಾಯಿಬಿಟ್ಟು ಹೇಳಿ. ಮೂರನೇ ಭಾನುವಾರಕ್ಕೆ ಅವರು ಕಾಫಿ ಲೋಟ ಕೈಯಲ್ಲೇ ಹಿಡಿದು "ತಡಿ, ಆ ಹಿಂದಿನವನು ಮುಂದಕ್ಕೆ ಬಂದ" ಅಂದರು. ನಾನು ನೋಡಿರಲಿಲ್ಲ. ಅವನು ನೇರವಾಗಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದ.

ಊರಲ್ಲಿ ಕೂತು ನೋಡುವವರಿಗೆ ಒಂದು ಮಾತು. ಇಲ್ಲಿ ಪೂರ್ವ ತೀರದ ಭಾನುವಾರ ಮಧ್ಯಾಹ್ನ ಒಂದು ಗಂಟೆಯ ಪಂದ್ಯ ನಿಮಗೆ ರಾತ್ರಿ 10.30ಕ್ಕೆ ಬರುತ್ತದೆ. ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ. ಅವತ್ತಿನಿಂದ 11.30.